ಶಾಖ ತಾಳಿದರೂ ಸೋಲುವ ಅಚ್ಚು: ಟೈಟೇನಿಯಂ ಎರಕ ಮತ್ತು ಗೋಕಾಕ ಸೀಮೆಯ ಕಲ್ಲು, ಸುಣ್ಣ, ಅಲ್ಯುಮಿನಾ

ಟೈಟೇನಿಯಂ 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಫೌಂಡ್ರಿ ಉಸುಕಿನ ಮುಖ್ಯ ದ್ರವ್ಯವಾದ ಸಿಲಿಕಾ ಕರಗಲು ಸುಮಾರು 1713 ಡಿಗ್ರಿ ಬೇಕು. ಈ ಎರಡು ಅಂಕಿಗಳನ್ನು ಮಾತ್ರ ನೋಡಿದವರಿಗೆ ಉಸುಕಿನ ಅಚ್ಚಿನಲ್ಲಿ ಟೈಟೇನಿಯಂ ಎರೆಯಲು ಅಡ್ಡಿಯಿಲ್ಲ ಅನ್ನಿಸೀತು. ಆದರೆ ಎರೆದ ಗಳಿಗೆಯಿಂದಲೇ ಲೋಹವು ಸಿಲಿಕಾದೊಳಗಿನ ಆಕ್ಸಿಜನ್ನನ್ನು ಕಿತ್ತುಕೊಳ್ಳತೊಡಗುತ್ತದೆ. ಬಿಡುಗಡೆಯಾದ ಸಿಲಿಕಾನ್ ಕೂಡ ಲೋಹದೊಳಕ್ಕೇ ಸೇರಿಕೊಳ್ಳುತ್ತದೆ. ಅಚ್ಚು ಕರಗದಿದ್ದರೂ ಎರಕದ ಮೈ ಪೆಡಸಾಗಿ, ತೂತುಬಿದ್ದು ಕೆಲಸಕ್ಕೆ ಬಾರದಂತಾಗುತ್ತದೆ. ಹಾಗಾಗಿ ಪ್ರತಿಕ್ರಿಯಾಶೀಲ ಲೋಹಗಳ ಅಚ್ಚನ್ನು ಆರಿಸುವಾಗ ಶಾಖ ತಾಳುವ ಶಕ್ತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅದು ತನ್ನ ಆಕ್ಸಿಜನ್ನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು. ಈ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಣ್ಣೆದುರು ಇರುವ ವಸ್ತುಗಳನ್ನೇ ಇಟ್ಟುಕೊಂಡು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಸೀಮೆಯ ಆಯ್ಕೆಗೆ ಕಾರಣವಿದೆ. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕಕ್ಕೆ, 2009ರಲ್ಲಿ ಆರಂಭವಾದ ಏಕಸ್ ವಿಶೇಷ ಆರ್ಥಿಕ ವಲಯವಿದೆ. ಏರ್‌ಬಸ್ ವಿಮಾನಗಳಿಗೆ ಬೇಕಾದ ಟೈಟೇನಿಯಂ ಭಾಗಗಳನ್ನು ಯಂತ್ರಗಳಲ್ಲಿ ಕೊರೆದು ಕಳಿಸುವ ಕೆಲಸ ಏಕಸ್ ಸಂಸ್ಥೆಯದು. ಫ್ರಾನ್ಸಿನ ಓಬೇರ್ ಎ ಡ್ಯುವಾಲ್ ಕಂಪನಿಯೊಂದಿಗೆ ಸೇರಿ ಕಟ್ಟಿದ ಸ್ಕ್ವಾಡ್ ಫೋರ್ಜಿಂಗ್ ಘಟಕವೂ ಅಲ್ಲಿಯೇ ಇದೆ. ಅಲ್ಲಿಂದ ಸುಮಾರು ಒಂದು ತಾಸಿನ ದಾರಿಯಲ್ಲಿ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾಗಳ ಫೌಂಡ್ರಿಗಳಿವೆ. ವಾಹನ, ಪಂಪು, ಹೈಡ್ರಾಲಿಕ್ ಯಂತ್ರಗಳ ಬಿಡಿಭಾಗಗಳಿಗಾಗಿ ಗ್ರೇ ಐರನ್, ಎಸ್‌ಜಿ ಐರನ್ ಎರೆಯುವುದು ಅವುಗಳ ದಿನನಿತ್ಯದ ಕಸುಬು. ಬೆಳಗಾವಿಗೆ ಅಂಟಿಕೊಂಡ ಯಮನಾಪುರದಲ್ಲಿ ಹಿಂಡಾಲ್ಕೊದ ಅಲ್ಯುಮಿನಾ ಕಾರ್ಖಾನೆ ಇದೆ. ಹಿಂದೆ ಅದು ಇಂಡಾಲ್ ಕೈಯಲ್ಲಿತ್ತು. ಈಗ ಅಲ್ಲಿಂದ ಬರುವ ವಿಶೇಷ ದರ್ಜೆಯ ಅಲ್ಯುಮಿನಾ ಉಷ್ಣಸಹ ಇಟ್ಟಿಗೆ ಮತ್ತು ಸೆರಾಮಿಕ್ ಉದ್ಯಮಗಳಿಗೆ ಹೋಗುತ್ತದೆ. ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಯಾದವಾಡದಲ್ಲಿ ಸುಣ್ಣದ ಕಲ್ಲನ್ನು ನಂಬಿಕೊಂಡ ದಾಲ್ಮಿಯಾ ಸಿಮೆಂಟ್ ಕಾರ್ಖಾನೆ ನಡೆಯುತ್ತಿದೆ. ಇನ್ನು ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವ ಗೋಕಾಕ ಫಾಲ್ಸ್‌ನ ಬಂಡೆ ಮರಳುಗಲ್ಲು, ಅರ್ಥಾತ್ ಸಿಲಿಕಾ. ಸಿಲಿಕಾ, ಸುಣ್ಣ, ಅಲ್ಯುಮಿನಾ, ಟೈಟೇನಿಯಂ ಬಲ್ಲ ಕೆಲಸಗಾರರು, ಎರಕ ಬಲ್ಲ ಕೆಲಸಗಾರರು ಎಲ್ಲ ಹೀಗೆ ಅಕ್ಕಪಕ್ಕದಲ್ಲಿರುವ ಜಾಗ ಕರ್ನಾಟಕದಲ್ಲಿ ವಿರಳ. ಆದರೂ ಈ ಸೀಮೆಯ ಹೆಸರು ಟೈಟೇನಿಯಂ ಎರಕಕ್ಕೆ ಅಂಟಿಕೊಂಡಿಲ್ಲ. ನಡುವೆ ನಿಂತಿರುವ ತಡೆಗಳಲ್ಲಿ ನಿರ್ವಾತ ಕುಲುಮೆಯ ಖರ್ಚು ಒಂದು. ಅಚ್ಚಿನ ಒಳಮೈಯ ತೆಳು ಪದರ ಇನ್ನೊಂದು. ಎರಡನೆಯದರ ಬಗ್ಗೆ ಮಾತಾಡುವವರು ಕಡಿಮೆ.

ಅಚ್ಚು ಮತ್ತು ಲೋಹದ ನಡುವಿನ ಪ್ರತಿಕ್ರಿಯೆ ಬೆಳಗಾವಿಯ ಫೌಂಡ್ರಿಗೆ ಹೊಸ ವಿಷಯವಲ್ಲ. ಎಸ್‌ಜಿ ಐರನ್‌ನಲ್ಲಿ ಗ್ರಾಫೈಟ್ ಉಂಡೆಯಾಗಿ ಕೂಡಬೇಕಾದರೆ ದ್ರವ ಲೋಹದಲ್ಲಿ 0.03ರಿಂದ 0.05 ಶೇಕಡದಷ್ಟು ಮೆಗ್ನೀಸಿಯಂ ಉಳಿದಿರಬೇಕು. ಮೆಗ್ನೀಸಿಯಂ ಕುದಿಯುವುದು 1090 ಡಿಗ್ರಿಯಲ್ಲಿ. ಕಬ್ಬಿಣ ಎರೆಯುವುದು 1350ರ ಮೇಲೆ. ಇಂಥ ಚಂಚಲ ಲೋಹವನ್ನು ಇಷ್ಟು ಕಿರಿದಾದ ಮಿತಿಯಲ್ಲಿ ಹಿಡಿದಿಡುವ ಕೆಲಸವನ್ನು ನಮ್ಮ ಫೌಂಡ್ರಿಗಳು ಪಾಳಿಯ ಮೇಲೆ ಪಾಳಿ ಮಾಡುತ್ತಿವೆ. ಫ್ಯೂರಾನ್ ರಾಳದ ಅಚ್ಚು ಬಳಸುವಲ್ಲಿ ಒಂದು ತೊಡಕು ಎದುರಾಗುತ್ತದೆ. ರಾಳವನ್ನು ಗಟ್ಟಿಗೊಳಿಸಲು ಹಾಕುವ ಸಲ್ಫೋನಿಕ್ ಆಮ್ಲದಲ್ಲಿ ಗಂಧಕವಿದೆ. ಉಸುಕನ್ನು ಮತ್ತೆ ಮತ್ತೆ ಬಳಸಿದಂತೆ ಗಂಧಕವೂ ಕೂಡುತ್ತ ಹೋಗುತ್ತದೆ. ಬಿಸಿಗೆ ಅದು ಅನಿಲವಾಗಿ ಎರಕದ ಮೈಗೆ ತಾಗಿ, ಅಲ್ಲಿನ ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತದೆ. ಮೆಗ್ನೀಸಿಯಂ ಕಳೆದುಕೊಂಡ ಚರ್ಮದಲ್ಲಿ ಗ್ರಾಫೈಟ್ ಉಂಡೆ ಕಟ್ಟದೆ ಪಕಳೆಯಾಗಿ ಹರಡುತ್ತದೆ. ಒಳಗೆ ಒಳ್ಳೆಯ ಎಸ್‌ಜಿ ಐರನ್, ಹೊರಗೆ ಗ್ರೇ ಐರನ್ ಪದರ. ಆ ಮುಖವನ್ನು ಲೇತಿನಲ್ಲಿ ಕೊರೆದು ತೆಗೆಯುವುದಾದರೆ ಹಾನಿಯಿಲ್ಲ. ಕೊರೆಯದೆ ಉಳಿದ ಮುಖದ ಮೇಲೆ ಪದೇ ಪದೇ ಭಾರ ಬೀಳುವ ಭಾಗವಾದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಇದಕ್ಕೆ ಫೌಂಡ್ರಿಗಳು ಕಂಡುಕೊಂಡ ಉಪಾಯಗಳಲ್ಲಿ ಅಚ್ಚಿನ ಒಳಮೈಗೆ ಬಳಿಯುವ ವಾಶ್ ಮುಖ್ಯವಾದದ್ದು. ಮೆಗ್ನೀಸಿಯಾ ಅಥವಾ ಸುಣ್ಣದ ಅಂಶವುಳ್ಳ ವಾಶ್ ಗಂಧಕವನ್ನು ತಾನೇ ಹೀರಿಕೊಂಡು ಲೋಹವನ್ನು ಕಾಯುತ್ತದೆ. ಅಚ್ಚಿನ ಉಸುಕೆಲ್ಲ ಮೊದಲಿನದೇ. ಬದಲಾದದ್ದು ಒಂದು ಮಿಲಿಮೀಟರಿಗಿಂತ ತೆಳುವಾದ ಪದರ ಮಾತ್ರ. ಪ್ರತಿಕ್ರಿಯಾಶೀಲ ಲೋಹಗಳ ಸೆರಾಮಿಕ್ ಅಚ್ಚಿನ ಇಡೀ ವಿದ್ಯೆ ಇದೇ ತರ್ಕದ ಮುಂದುವರಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಎಸ್‌ಜಿ ಐರನ್ ಬಲ್ಲ ಫೌಂಡ್ರಿಮನ್‌ಗೆ ಟೈಟೇನಿಯಂ ಅಚ್ಚಿನ ಪಾಠವನ್ನು ಮೊದಲಿನಿಂದ ಹೇಳಿಕೊಡಬೇಕಾಗಿಲ್ಲ.

ಟೈಟೇನಿಯಂನಲ್ಲಿ ಶತ್ರು ಗಂಧಕವಲ್ಲ, ಆಕ್ಸಿಜನ್. ಯಾವ ಆಕ್ಸೈಡು ತನ್ನ ಆಕ್ಸಿಜನ್ನನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂಬುದನ್ನು ಅದರ ರಚನೆಯಲ್ಲಿ ಬಿಡುಗಡೆಯಾಗುವ ಮುಕ್ತಶಕ್ತಿಯಿಂದ ಅಳೆಯಬಹುದು. ಒಂದು ಮೋಲ್ ಆಕ್ಸಿಜನ್ನಿಗೆ, ಕೋಣೆಯ ಉಷ್ಣತೆಯಲ್ಲಿ ಲೆಕ್ಕ ಹಾಕಿದರೆ ಸಿಲಿಕಾದ್ದು ಸುಮಾರು 856 ಕಿಲೋಜೂಲ್. ಟೈಟೇನಿಯಂ ಡೈಆಕ್ಸೈಡಿನದು 889, ಟೈಟೇನಿಯಂ ಮೊನಾಕ್ಸೈಡಿನದು ಸುಮಾರು 990. ಜಿರ್ಕೋನಿಯಾ 1043, ಅಲ್ಯುಮಿನಾ 1055, ಮೆಗ್ನೀಸಿಯಾ 1138, ಸುಟ್ಟ ಸುಣ್ಣವಾದ ಕ್ಯಾಲ್ಸಿಯಾ 1207, ಇಟ್ರಿಯಾ 1211. ಉಷ್ಣತೆ ಏರಿದಂತೆ ಈ ಎಲ್ಲ ಅಂಕಿಗಳೂ ಇಳಿಯುತ್ತವೆ. ಆದರೂ ಸಿಲಿಕಾ ಏಕೆ ಮೊದಲೇ ಸೋಲುತ್ತದೆ, ಇಟ್ರಿಯಾ ಏಕೆ ಕೊನೆಯವರೆಗೆ ನಿಲ್ಲುತ್ತದೆ ಎಂಬುದರ ಸುಳಿವು ಈ ಸಾಲಿನಲ್ಲಿದೆ.

ಸುಳಿವು ಅಷ್ಟೇ, ಉತ್ತರವಲ್ಲ. ಈ ಪಟ್ಟಿಯ ಪ್ರಕಾರ ಅಲ್ಯುಮಿನಾವನ್ನಾಗಲಿ ಜಿರ್ಕೋನಿಯಾವನ್ನಾಗಲಿ ಟೈಟೇನಿಯಂ ಒಡೆಯಬಾರದು. ವಾಸ್ತವದಲ್ಲಿ ಒಡೆಯುತ್ತದೆ. ಟೈಟೇನಿಯಂ ಆಕ್ಸಿಜನ್ನನ್ನು ಆಕ್ಸೈಡಾಗಿ ಮಾರ್ಪಡಿಸದೆ ತನ್ನ ಹರಳಿನೊಳಗೇ ಕರಗಿಸಿಕೊಳ್ಳಬಲ್ಲದು; ಆಲ್ಫಾ ರೂಪದಲ್ಲಿ ಮೂರು ಪರಮಾಣುಗಳಲ್ಲಿ ಒಂದು ಆಕ್ಸಿಜನ್ ಆಗುವಷ್ಟರ ಮಟ್ಟಿಗೆ. ಹೀಗೆ ಕರಗುವ ಆಕ್ಸಿಜನ್ನಿನ ಮೊದಮೊದಲ ಪಾಲಿಗೆ ಸಿಗುವ ಶಕ್ತಿಯ ಲಾಭ ದೊಡ್ಡದು. ಹೊಸ ಆಕ್ಸೈಡ್ ಹುಟ್ಟದಿದ್ದರೂ ಅಚ್ಚಿನಿಂದ ಲೋಹಕ್ಕೆ ಆಕ್ಸಿಜನ್ ಸಾಗುತ್ತಲೇ ಇರುತ್ತದೆ. ಅದರ ಫಲವೇ ಎರಕದ ಮೈಮೇಲೆ ಬೆಳೆಯುವ, ಗಡುಸಾದ, ಬಳುಕದ ಪದರ. ಅದಕ್ಕೆ ಆಲ್ಫಾ ಕೇಸ್ ಎನ್ನುತ್ತಾರೆ. ವಿಮಾನಗಳಲ್ಲಿ ಹೆಚ್ಚು ಬಳಕೆಯಾಗುವ, 6 ಶೇಕಡ ಅಲ್ಯುಮಿನಿಯಂ ಮತ್ತು 4 ಶೇಕಡ ವನೇಡಿಯಂ ಸೇರಿದ ಟೈಟೇನಿಯಂ ಮಿಶ್ರಲೋಹದ ಸಾಮಾನ್ಯ ದರ್ಜೆಯಲ್ಲಿ ಆಕ್ಸಿಜನ್ 0.20 ಶೇಕಡ ಮೀರುವಂತಿಲ್ಲ. ಆಲ್ಫಾ ಕೇಸ್‌ನಲ್ಲಿ ಅದು ಈ ಮಿತಿಯನ್ನು ದಾಟಿ ಎಷ್ಟೋ ಮುಂದೆ ಹೋಗಿರುತ್ತದೆ.

ಹತ್ತರಗಿಯಂಥ ಕಡೆ ನಡೆಯುವ ಫೋರ್ಜಿಂಗ್ ಕಸುಬಿಗೂ ಆಲ್ಫಾ ಕೇಸ್ ಪರಿಚಿತವೇ. ಈ ಮಿಶ್ರಲೋಹವನ್ನು ಸಾಮಾನ್ಯವಾಗಿ ಅದರ ಬೀಟಾ ಬಿಂದುವಾದ ಸುಮಾರು 995 ಡಿಗ್ರಿಗಿಂತ ಕೆಳಗೆ, ಘನವಾಗಿರುವಾಗಲೇ ಒತ್ತಿ ರೂಪಿಸುತ್ತಾರೆ. ಕುಲುಮೆಯ ಗಾಳಿಯಿಂದ ಆಕ್ಸಿಜನ್ ಒಳಹೋಗದಂತೆ ತುಂಡಿನ ಮೇಲೆ ಗಾಜಿನ ಲೇಪ ಹಚ್ಚುವುದು ರೂಢಿ. ಕೊನೆಗೆ ಉಳಿದ ಪದರವನ್ನು ಆಮ್ಲದಲ್ಲಿ ತೊಳೆದೋ ಕೊರೆದೋ ತೆಗೆಯುತ್ತಾರೆ. ಎರಕದಲ್ಲಿ ಲೋಹ ದ್ರವವಾಗಿ ಅಚ್ಚನ್ನು ನೇರವಾಗಿ ಮುಟ್ಟುವುದರಿಂದ ಕೇಡು ಹಲವು ಪಟ್ಟು ವೇಗವಾಗಿ ನಡೆಯುತ್ತದೆ.

ಹಾಗಾದರೆ ಅಚ್ಚಿಗೆ ಏನು ಬಳಿಯಬೇಕು? 1950ರ ದಶಕದಲ್ಲಿ ಅಮೆರಿಕದಲ್ಲಿ ಟೈಟೇನಿಯಂ ಎರಕ ಕಾಲೂರಿದಾಗ ಸೆರಾಮಿಕ್ಕನ್ನೇ ಬಿಟ್ಟು ಗ್ರಾಫೈಟ್ ಪುಡಿಯನ್ನು ದಮ್ಮಸು ಮಾಡಿ ಅಚ್ಚು ಕಟ್ಟಿದರು. ಆಕ್ಸಿಜನ್ನಿನ ತೊಂದರೆ ತಪ್ಪಿತು, ಬದಲಿಗೆ ಇಂಗಾಲ ಮೈಮೇಲೆ ಕಾರ್ಬೈಡಾಗಿ ಕೂತಿತು. ದಪ್ಪನೆಯ ಪಂಪು, ವಾಲ್ವುಗಳಿಗೆ ಈ ವಿಧಾನ ಇವತ್ತಿಗೂ ನಡೆಯುತ್ತದೆ. ತೆಳು ಗೋಡೆಯ, ನುಣುಪು ಮೈಯ ವಿಮಾನ ಭಾಗಗಳಿಗೆ ಮೇಣದ ಮಾದರಿಯ ಮೇಲೆ ಕೋಟು ಕೋಟಾಗಿ ಬಳಿದು ಕಟ್ಟುವ ಸೆರಾಮಿಕ್ ಶೆಲ್ಲೇ ಬೇಕು.

ಮೆಗ್ನೀಸಿಯಾ ಕಾಗದದ ಮೇಲೆ ಅಲ್ಯುಮಿನಾಕ್ಕಿಂತ ಗಟ್ಟಿ. ಆದರೆ ಅದರಿಂದ ಬಿಡುಗಡೆಯಾಗುವ ಮೆಗ್ನೀಸಿಯಂ ಈ ಉಷ್ಣತೆಯಲ್ಲಿ ಆವಿಯಾಗಿ ಹಾರಿಹೋಗುತ್ತದೆ. ಒಂದು ಉತ್ಪನ್ನ ಹಾರಿಹೋಗುತ್ತಿದ್ದರೆ ಪ್ರತಿಕ್ರಿಯೆ ನಿಲ್ಲುವುದೇ ಇಲ್ಲ. ನಿರ್ವಾತದಲ್ಲಂತೂ ಇನ್ನೂ ಜೋರು. ಜಿರ್ಕೋನಿಯಾ ಬಳಕೆಯಲ್ಲಿದೆ, ಕಾಯಿಸುವಾಗ ಸುಮಾರು 1170 ಡಿಗ್ರಿಯಲ್ಲಿ ಅದರ ಹರಳಿನ ರೂಪ ಬದಲಾಗಿ ಗಾತ್ರ ವ್ಯತ್ಯಾಸವಾಗುವುದರಿಂದ ಸುಣ್ಣ ಅಥವಾ ಇಟ್ರಿಯಾ ಬೆರೆಸಿ ಸ್ಥಿರಗೊಳಿಸಬೇಕು. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ ಕಡಲತೀರಗಳ ಉಸುಕಿನಲ್ಲಿ ಸಿಗುವ ಜಿರ್ಕಾನ್ ಉಕ್ಕಿನ ಎರಕಕ್ಕೆ ಉತ್ತಮ ಮುಖಲೇಪ, ಅಂದರೆ ಲೋಹ ಮುಟ್ಟುವ ಒಳಪದರ. ಅದರೊಳಗೆ ಸಿಲಿಕಾ ಇರುವುದರಿಂದ ಟೈಟೇನಿಯಂಗೆ ಒಗ್ಗದು.

ಕ್ಯಾಲ್ಸಿಯಾದ ಕಥೆ ನಮ್ಮ ಕಡೆಯವರಿಗೆ ಹೆಚ್ಚು ಹತ್ತಿರ. ಆಕ್ಸಿಜನ್ನನ್ನು ಹಿಡಿದಿಡುವುದರಲ್ಲಿ ಅದು ಇಟ್ರಿಯಾಕ್ಕೆ ಸರಿಸಮ, ಬೆಲೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಅರಳುತ್ತದೆ ಎಂಬುದು ಮನೆ ಕಟ್ಟಿಸಿದ ಯಾರಿಗೂ ಗೊತ್ತು. ಶೆಲ್ ಅಚ್ಚಿನ ವಿಷಯದಲ್ಲಿ ಆ ಅರಳುವಿಕೆಯೇ ದೊಡ್ಡ ಅಪಾಯ. ನೀರಿನಲ್ಲಿ ಅದರ ಸ್ಲರಿ ಮಾಡುವಂತಿಲ್ಲ. ಮಾಡಿದ ಅಚ್ಚನ್ನೂ ತೇವದ ಗಾಳಿಯಲ್ಲಿ ಬಿಡುವಂತಿಲ್ಲ, ಪುಡಿಯಾಗಿ ಉದುರುತ್ತದೆ. ಹೀರಿಕೊಂಡ ತೇವ ಎರೆಯುವಾಗ ಲೋಹಕ್ಕೆ ಹೈಡ್ರೋಜನ್ನನ್ನೂ ಆಕ್ಸಿಜನ್ನನ್ನೂ ಒಟ್ಟಿಗೇ ಕೊಡುತ್ತದೆ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಬೆಳಗಾವಿಯ ಮಳೆಗಾಲ ಕ್ಯಾಲ್ಸಿಯಾಕ್ಕೆ ತೀರ ಪ್ರತಿಕೂಲ. ಅದನ್ನು ಕರಗಿಸಿ ದಟ್ಟ ಹರಳಾಗಿ ಮಾಡಿದರೆ, ಅಥವಾ ಜಿರ್ಕೋನಿಯಾದೊಡನೆ ಸೇರಿಸಿ ಕ್ಯಾಲ್ಸಿಯಂ ಜಿರ್ಕೊನೇಟ್ ಆಗಿ ಕಟ್ಟಿದರೆ ತೇವದ ಬಾಧೆ ಬಹಳ ತಗ್ಗುತ್ತದೆ.

ಉಳಿದದ್ದು ಇಟ್ರಿಯಾ. ಇವತ್ತು ಟೈಟೇನಿಯಂ ಶೆಲ್‌ಗಳ ಮುಖಲೇಪದಲ್ಲಿ ಮುಂಚೂಣಿಯಲ್ಲಿರುವುದು ಇದೇ. ಇದಕ್ಕೂ ಮೂರು ತೊಡಕುಗಳಿವೆ. ಮೊದಲನೆಯದು ಸ್ಲರಿಯ ಆಯುಸ್ಸು. ಇಟ್ರಿಯಾ ನೀರಿನಲ್ಲಿ ಅಲ್ಪಸ್ವಲ್ಪ ಕರಗಿ ದ್ರಾವಣವನ್ನು ಕ್ಷಾರೀಯಗೊಳಿಸುತ್ತದೆ. ಬಂಧಕದೊಡನೆ ಪ್ರತಿಕ್ರಿಯಿಸಿ ಸ್ಲರಿ ಗಟ್ಟಿಯಾಗಿಬಿಡುತ್ತದೆ. ಎರಡನೆಯದು ಬಂಧಕದ್ದೇ ಪ್ರಶ್ನೆ. ಮೇಣದ ಅಚ್ಚಿನ ಫೌಂಡ್ರಿಗಳಲ್ಲಿ ಪುಡಿಯನ್ನು ಅಂಟಿಸಲು ಸಾಮಾನ್ಯವಾಗಿ ಬಳಸುವುದು ಕಲಾಯ್ಡಲ್ ಸಿಲಿಕಾ. ದುಬಾರಿ ಇಟ್ರಿಯಾವನ್ನು ತಂದು ಸಿಲಿಕಾದಿಂದಲೇ ಅಂಟಿಸಿದರೆ ಹೊರಗಿಟ್ಟ ಶತ್ರುವನ್ನು ಕಣಕಣದ ಸುತ್ತ ಮತ್ತೆ ಕೂರಿಸಿದಂತಾಗುತ್ತದೆ. ಈ ವಿಷಯದ ಚರ್ಚೆಗಳಲ್ಲಿ ಪುಡಿಯ ಹೆಸರು ಕೇಳಿಬರುವಷ್ಟು ಬಂಧಕದ ಹೆಸರು ಕೇಳಿಬರದು. ನನ್ನ ಎಣಿಕೆಯಲ್ಲಿ ಸೋಲು ಗೆಲುವಿನ ಅರ್ಧ ಪಾಲು ಅಲ್ಲಿಯೇ ಇದೆ. ಜಿರ್ಕೋನಿಯಂ ಅಸಿಟೇಟ್, ಅಮೋನಿಯಂ ಜಿರ್ಕೋನಿಯಂ ಕಾರ್ಬೊನೇಟ್‌ಗಳಂಥ ಬಂಧಕಗಳು ಬಂದದ್ದು ಇದಕ್ಕಾಗಿಯೇ. ಮೂರನೆಯದು ಪತ್ತೆಯ ಕಷ್ಟ. ಮುಖಲೇಪದ ಚೂರು ಕಿತ್ತು ಎರಕದೊಳಗೆ ಸಿಕ್ಕಿಬಿದ್ದರೆ ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ, ಏಕೆಂದರೆ ಟೈಟೇನಿಯಂ ಸಾಂದ್ರತೆ 4.5, ಇಟ್ರಿಯಾದ್ದು ಸುಮಾರು 5. ಸಾಲದ್ದಕ್ಕೆ 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣ ಹೇರಿದ ಏಳು ವಿರಳ ಭೂಲೋಹಗಳಲ್ಲಿ ಇಟ್ರಿಯಂ ಕೂಡ ಸೇರಿದೆ. ಬೆಲೆಯ ಜೊತೆಗೆ ಲಭ್ಯತೆಯ ಚಿಂತೆಯೂ ಬಂದಿದೆ.

ಹೀಗಿರುವಾಗ ಇಡೀ ಅಚ್ಚನ್ನು ಇಟ್ರಿಯಾದಿಂದ ಕಟ್ಟುವ ಮಾತೇ ಇಲ್ಲ. ಲೋಹ ಮುಟ್ಟುವ ಒಂದೆರಡು ಕೋಟು ಮಾತ್ರ ಅದರದು, ಬೆನ್ನಿಗಿರುವ ಕೋಟುಗಳೆಲ್ಲ ಅಲ್ಯುಮಿನಾ ಅಥವಾ ಅಲ್ಯುಮಿನೋಸಿಲಿಕೇಟ್. ಒಳಗೆ ನುಣುಪು, ಹೊರಗೆ ಒರಟು ಮತ್ತು ಬಲ ಎಂಬ ಈ ವಿಂಗಡಣೆ ಕನ್ನಡ ನಾಡಿನಲ್ಲಿ ಬಹು ಹಿಂದೆಯೇ ಬರವಣಿಗೆಗೆ ಇಳಿದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮೇಣದ ಎರಕದ ವಿವರಣೆ ಇದೆ. ಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಬೆರೆಸಿ ನುಣ್ಣಗೆ ಅರೆದು, ಮೂರು ಸಲ ಬಳಿಯಬೇಕು. ಮೊದಲ ಲೇಪ ತೆಳುವಾಗಿರಬೇಕು, ನೆರಳಲ್ಲಿ ಒಣಗಬೇಕು. ಹತ್ತಿಯ ಎಳೆ ಹಸಿ ಮಣ್ಣನ್ನು ಬಿರಿಯದಂತೆ ಹಿಡಿಯುತ್ತದೆ, ಸುಟ್ಟ ಮೇಲೆ ಅನಿಲ ಹೊರಹೋಗಲು ದಾರಿಯಾಗುತ್ತದೆ. ಹೊಟ್ಟಿನ ಇಂಗಾಲ ಅಚ್ಚಿನೊಳಗಿನ ಆಕ್ಸಿಜನ್ನನ್ನು ತಾನು ಸುಟ್ಟು ತಾಮ್ರವನ್ನು ಕಾಯುತ್ತದೆ. ಕೋಟುಗಳ ಕ್ರಮ ಇಂದಿಗೂ ಅದೇ. ಇಂಗಾಲದ ಉಪಾಯ ಮಾತ್ರ ಟೈಟೇನಿಯಂನಲ್ಲಿ ತಿರುಗುಬಾಣ.

ಯಮನಾಪುರದ ಅಲ್ಯುಮಿನಾದಂಥ ವಸ್ತುವಿಗೆ ಮುಖಲೇಪದ ಗೌರವ ಸಿಗುವ ಜಾಗ ಬೇರೆ ಇದೆ: ನಿಕ್ಕಲ್ ಸೂಪರ್‌ಅಲಾಯ್‌ಗಳ ಎರಕ. 2021ರ ಏಪ್ರಿಲ್‌ನಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯ, ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎರೆದ 60 ಏಕಹರಳಿನ ಟರ್ಬೈನ್ ಬ್ಲೇಡುಗಳನ್ನು ಎಚ್‌ಎಎಲ್‌ಗೆ ಒಪ್ಪಿಸಿತು. ಒಟ್ಟು 300 ಬ್ಲೇಡುಗಳ ಕಾರ್ಯಕ್ರಮದ ಮೊದಲ ಕಂತು ಅದು. ಲೋಹ ಸಿಎಂಎಸ್‌ಎಕ್ಸ್-4. ಅದಕ್ಕಾಗಿ, 1500 ಡಿಗ್ರಿ ಮತ್ತು ಅದಕ್ಕೂ ಮೇಲೆ ದ್ರವ ಲೋಹದ ಒತ್ತಡ ತಾಳುವ ಸೆರಾಮಿಕ್ ಮಿಶ್ರಣವನ್ನು ಅಲ್ಲಿಯೇ ರೂಪಿಸಿದರು. ಏಕಹರಳು ಬೆಳೆಯಬೇಕಾದರೆ ಅಚ್ಚನ್ನು ಬಿಸಿ ವಲಯದಿಂದ ಮೆಲ್ಲಗೆ, ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಇಳಿಸಬೇಕು. ಅಷ್ಟು ಹೊತ್ತು ಅಚ್ಚು ಸೊಟ್ಟಗಾಗಬಾರದು. ಈ ಮಿಶ್ರಲೋಹದಲ್ಲಿ ಅಲ್ಯುಮಿನಿಯಂ ಸುಮಾರು 5.6 ಶೇಕಡ, ಟೈಟೇನಿಯಂ ಸುಮಾರು 1, ಹಾಫ್ನಿಯಂ 0.1. ಮೂರೂ ಆಕ್ಸಿಜನ್ನಿನ ಹಸಿವುಳ್ಳವು. ಆದರೆ ಪ್ರಮಾಣ ಕಡಿಮೆ, ಅಲ್ಯುಮಿನಾ ತಡೆದುಕೊಳ್ಳುತ್ತದೆ. ಮಿಶ್ರಲೋಹ ಬದಲಾದರೆ ಒಂದೇ ಪುಡಿಯ ಯೋಗ್ಯತೆಯೂ ಬದಲಾಗುತ್ತದೆ.

ಟೈಟೇನಿಯಂ ಅಲ್ಯುಮಿನೈಡಿನಲ್ಲಿ ಈ ಮಾತು ಇನ್ನೂ ಸ್ಪಷ್ಟ. ಪರಮಾಣು ಲೆಕ್ಕದಲ್ಲಿ 48 ಶೇಕಡ ಅಲ್ಯುಮಿನಿಯಂ ಸೇರಿದ ಈ ಹಗುರ ಲೋಹದ ಬ್ಲೇಡುಗಳು ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೆನ್‌ಎಕ್ಸ್ ಎಂಜಿನ್ನಿನ ಕಡಿಮೆ ಒತ್ತಡದ ಟರ್ಬೈನಿನಲ್ಲಿ ಹಾರುತ್ತಿವೆ. ಅಲ್ಯುಮಿನಿಯಂ ಜೊತೆಗಿನ ಬಂಧದಿಂದ ಟೈಟೇನಿಯಂನ ಆಕ್ರಮಣ ತಗ್ಗುವುದರಿಂದ ಅಚ್ಚಿನ ಆಯ್ಕೆ ಹಿಗ್ಗುತ್ತದೆ. ಅದೇ ಕಂಪನಿಯ ಪೇಟೆಂಟುಗಳಲ್ಲಿ ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟಿನ ಅಚ್ಚುಗಳ ವಿವರ ಸಿಗುತ್ತದೆ. ಕ್ಯಾಲ್ಸಿಯಂ ಅಲ್ಯುಮಿನೇಟ್ ಎಂದರೆ ಸುಣ್ಣ ಮತ್ತು ಅಲ್ಯುಮಿನಾ ಕೂಡಿ ಕಾದು ಆದದ್ದು. ಸುಣ್ಣ ಯಾದವಾಡದ ಕಡೆಯ ಕಲ್ಲಿನಲ್ಲಿದೆ, ಅಲ್ಯುಮಿನಾ ಯಮನಾಪುರದಲ್ಲಿದೆ. ಇಷ್ಟರಿಂದಲೇ ಅಚ್ಚು ಸಿದ್ಧ ಎಂದು ಹೊರಡುವುದು ತಪ್ಪಾದೀತು. ಮನೆ ಕಟ್ಟುವ ಸಿಮೆಂಟಿಗೆ ಆಗುವ ಕಲ್ಲಿನಲ್ಲಿ ಸಿಲಿಕಾ, ಕಬ್ಬಿಣ, ಮೆಗ್ನೀಸಿಯಾ ಇದ್ದರೆ ನಡೆಯುತ್ತದೆ, ಇರಬೇಕಾದದ್ದೂ ಉಂಟು. ಇಲ್ಲಿ ಆ ಮೂರೂ ದೋಷ. ಶುದ್ಧ ಸುಣ್ಣದ ಪದರಗಳನ್ನು ಕಲ್ಲುಗಣಿಯಲ್ಲೇ ಆರಿಸಿ, ಸುಟ್ಟು, ವಿಶ್ಲೇಷಿಸಿ ಮುಂದುವರಿಯಬೇಕು.

ಆಲ್ಫಾ ಕೇಸ್ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು ಎನ್ನಲು ಲೋಹದ ಗುಣಮಟ್ಟ ಒಂದೇ ಕಾರಣವಲ್ಲ. ಆ ಪದರವನ್ನು ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ ತೆಗೆಯುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ಎಲುಬಿನ ಕ್ಯಾಲ್ಸಿಯಂವರೆಗೆ ಹೋಗುವ ವಿಷ. ಬಳಸಿದ ಆಮ್ಲವನ್ನು ಸುಣ್ಣದಿಂದ ತಣಿಸಿ, ಫ್ಲೋರೈಡನ್ನು ಕೆಸರಾಗಿ ಕೂರಿಸಿ ವಿಲೇವಾರಿ ಮಾಡಬೇಕು. ಹಿರಣ್ಯಕೇಶಿ, ಘಟಪ್ರಭೆಗಳ ನೀರನ್ನೇ ಕುಡಿಯುವ, ಅದರಲ್ಲೇ ಕಬ್ಬು ಬೆಳೆಯುವ ಸೀಮೆಯಲ್ಲಿ ಇಂಥ ಉದ್ಯಮ ಮುಂದೆ ಬರುವುದಾದರೆ, ಒಳ್ಳೆಯ ಮುಖಲೇಪ ಎಂದರೆ ಕಡಿಮೆ ಆಮ್ಲ ಎಂಬ ಲೆಕ್ಕವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು.

ನಿರ್ವಾತ ಕುಲುಮೆ ಇಲ್ಲದೆಯೂ ಮಾಡಬಹುದಾದ ಕೆಲಸ ಸಾಕಷ್ಟಿದೆ. ನಿಡಸೋಸಿಯ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯ ಹುಕ್ಕೇರಿ ತಾಲೂಕಿನಲ್ಲೇ ಇದೆ, ಬೆಳಗಾವಿಯಲ್ಲಿ ಇನ್ನೂ ಹಲವು ಕಾಲೇಜುಗಳಿವೆ. ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಹೆಚ್ಚುವ ಒಂದು ಪ್ಯಾಟರ್ನ್ ಮಾಡಿ, ಫ್ಯೂರಾನ್ ಉಸುಕಿನ ಅಚ್ಚುಗಳಿಗೆ ಸಿಲಿಕಾ, ಜಿರ್ಕಾನ್, ಅಲ್ಯುಮಿನಾ, ಮೆಗ್ನೀಸಿಯಾ ವಾಶ್‌ಗಳನ್ನು ಬೇರೆಬೇರೆಯಾಗಿ ಬಳಿದು, ಒಂದೇ ಲ್ಯಾಡಲ್‌ನಿಂದ ಎಸ್‌ಜಿ ಐರನ್ ಎರೆಯಬಹುದು. ತುಂಡುಗಳನ್ನು ಅಡ್ಡ ಕೊಯ್ದು, ಉಜ್ಜಿ ಮೆರುಗು ಕೊಟ್ಟು, ಪಕಳೆ ಗ್ರಾಫೈಟಿನ ಆಳವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರೆ, ದಪ್ಪ ಹೆಚ್ಚಿ ಲೋಹ ದ್ರವವಾಗಿರುವ ಹೊತ್ತು ಹೆಚ್ಚಿದಂತೆ ಪದರ ಹೇಗೆ ಬೆಳೆಯುತ್ತದೆ ಎಂಬ ಗೆರೆ ಸಿಗುತ್ತದೆ. ಹೊತ್ತು ಮತ್ತು ಆಳದ ಇದೇ ಸಂಬಂಧವನ್ನು ಆಲ್ಫಾ ಕೇಸ್‌ನಲ್ಲೂ ಬಿಡಿಸಬೇಕಾಗುತ್ತದೆ. ಇನ್ನೊಂದು ಪ್ರಯೋಗಕ್ಕೆ ಬೇಕಾದದ್ದು ಕುಲುಮೆ, ತಕ್ಕಡಿ ಮತ್ತು ತಾಳ್ಮೆ. ಕ್ಯಾಲ್ಸಿಯಾ, ಕ್ಯಾಲ್ಸಿಯಂ ಜಿರ್ಕೊನೇಟ್, ಕ್ಯಾಲ್ಸಿಯಂ ಅಲ್ಯುಮಿನೇಟ್‌ಗಳ ಬಿಲ್ಲೆಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಕಾಯಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಗಾಳಿಯಲ್ಲಿಟ್ಟು, ತೂಕದ ಏರಿಕೆಯನ್ನೂ ಅಂಚು ಉದುರುವ ದಿನವನ್ನೂ ಬರೆದಿಡಬೇಕು. ಯಾವ ಬಿಲ್ಲೆ ಬೆಳಗಾವಿಯ ಮಳೆಗಾಲ ದಾಟುತ್ತದೋ ಅದನ್ನು ಮಾತ್ರ ಹೈದರಾಬಾದಿನ ಪ್ರಯೋಗಾಲಯದಂಥ ಕಡೆಯ ನಿರ್ವಾತ ಕುಲುಮೆಗೆ ಕಳಿಸುವುದು ಸರಿ.